ಓಲೆಯ ಅಡಿಯ ಒಪ್ಪ

ಕಾಗದದ ನೆತ್ತಿಯಲ್ಲಿ ಶ್ರೀಕಾರ, ಅದರ ಕೆಳಗೆ ಕ್ಷೇಮಸಮಾಚಾರ, ನಡುವೆ ವಿಷಯ, ಕಡೆಯಲ್ಲಿ 'ಇಂತಿ' ಎಂದು ಬರೆದು ಸ್ವಹಸ್ತದ ರುಜು. ಇದು ನಮ್ಮ ಹಿರಿಯರು ಪಾಲಿಸಿಕೊಂಡು ಬಂದ ಪತ್ರಕ್ರಮ. 'ಇಂತಿ'ಯ ಕೆಳಗಿನ ಆ ಒಂದು ಸಾಲು ಮೇಲಿನ ಎಲ್ಲ ಸಾಲುಗಳ ಭಾರವನ್ನು ಹೊರುತ್ತಿತ್ತು. ರುಜುವಿಲ್ಲದ ಕಾಗದವನ್ನು ಯಾರೂ ನಂಬುತ್ತಿರಲಿಲ್ಲ. ರುಜು ಬಿದ್ದ ಮೇಲೆ 'ಇದು ನನ್ನ ಮಾತಲ್ಲ' ಎನ್ನಲು ಯಾರಿಗೂ ಬಾಯಿ ಬರುತ್ತಿರಲಿಲ್ಲ. ಹಿಂದಿನ ಕನ್ನಡದಲ್ಲಿ ಸಹಿಗೆ 'ಒಪ್ಪ' ಎಂಬ ಹೆಸರುಂಟು. ಒಪ್ಪಿದೆನೆಂಬ ಅರ್ಥವೂ, ಓರಣವಾಗಿದೆಯೆಂಬ ಅರ್ಥವೂ ಆ ಒಂದೇ ಮಾತಿನಲ್ಲಿ ಸೇರಿಕೊಂಡಿವೆ.

ಇಂದು ಕಾಗದದ ಸ್ಥಾನಕ್ಕೆ ಮಿಂಚಂಚೆ, ಎಂದರೆ ಇ-ಮೇಲ್, ಬಂದಿದೆ. ಮಕ್ಕಳ ಕಾಲೇಜು ಪ್ರವೇಶ, ನೌಕರಿಯ ಅರ್ಜಿ, ಬ್ಯಾಂಕಿನ ವ್ಯವಹಾರ, ವಿದ್ಯಾರ್ಥಿನಿಲಯದ ಲೆಕ್ಕಪತ್ರ, ದೂರದೇಶದಲ್ಲಿರುವ ಮಗಳ ಸಮಾಚಾರ, ಇವೆಲ್ಲವೂ ಆ ದಾರಿಯಲ್ಲಿಯೇ ಸಾಗುತ್ತವೆ. ಅಂತಹ ಪತ್ರದ ಅಡಿಯಲ್ಲಿ ಬರೆದವರ ಹೆಸರು, ಹುದ್ದೆ, ದೂರವಾಣಿ ಸಂಖ್ಯೆಗಳನ್ನು ಯಂತ್ರವೇ ತಾನಾಗಿ ಸೇರಿಸುವ ಏರ್ಪಾಡಿಗೆ 'ಸಿಗ್ನೇಚರ್' ಎನ್ನುತ್ತಾರೆ. ಒಮ್ಮೆ ಬರೆದಿಟ್ಟರೆ ಸಾಕು, ಮುಂದೆ ಹೋಗುವ ಸಾವಿರ ಪತ್ರಗಳಿಗೂ ಅದು ಅಂಟಿಕೊಂಡು ಹೋಗುತ್ತದೆ. ಅನುಕೂಲವಿರುವುದು ಇಲ್ಲಿಯೇ, ಅಪಾಯವಿರುವುದೂ ಇಲ್ಲಿಯೇ. ಕೈಯಿಂದ ರುಜು ಮಾಡುವಾಗ ಮನಸ್ಸು ಒಂದು ಕ್ಷಣವಾದರೂ ನಿಂತು ಯೋಚಿಸುತ್ತಿತ್ತು. ಯಂತ್ರಕ್ಕೆ ಅಂತಹ ನಿಲುಗಡೆಯಿಲ್ಲ. ಆದುದರಿಂದ ಈ ಒಪ್ಪವನ್ನು ಸ್ಥಾಪಿಸುವ ಕ್ರಮ, ಅದರಲ್ಲಿ ಇರಬೇಕಾದ ಸಂಗತಿ ಮತ್ತು ಅದರ ಪಾಲನೆ, ಈ ಮೂರನ್ನು ಓದುಗ ಬಂಧುಗಳ ಮುಂದಿಡಲು ನಾವು ಬಯಸುತ್ತೇವೆ.

ಹಳೆಯ ಪದ್ಧತಿ, ಹೊಸ ರೂಪ

ಸಿದ್ಧಪಡಿಸಿದ ಸಹಿಯೆಂಬುದು ನಮಗೆ ತೀರ ಹೊಸದಲ್ಲ. ವಿಜಯನಗರದ ಅರಸರ ತಾಮ್ರಶಾಸನಗಳನ್ನು ನೋಡಿದವರಿಗೆ ಇದು ತಿಳಿದಿದೆ. ಶಾಸನದ ಪಾಠ ಸಂಸ್ಕೃತದಲ್ಲಿ, ನಂದಿನಾಗರೀ ಲಿಪಿಯಲ್ಲಿ ಇದ್ದರೂ ಕಡೆಯಲ್ಲಿ ಕನ್ನಡದ ದೊಡ್ಡ ಅಕ್ಷರಗಳಲ್ಲಿ 'ಶ್ರೀ ವಿರೂಪಾಕ್ಷ' ಎಂಬ ಒಪ್ಪವಿರುತ್ತಿತ್ತು. ಅರಸರು ಬದಲಾದರು, ಒಪ್ಪ ತಲೆಮಾರುಗಳವರೆಗೆ ಮುಂದುವರಿಯಿತು. ವಚನಕಾರರ ಅಂಕಿತವೂ ಮಾತಿನ ಕಡೆಯಲ್ಲಿ ನಿಂತು ಮಾತಿನ ಒಡೆತನವನ್ನು ಸಾರುವ ಗುರುತೇ. ಒಬ್ಬರ ಅಂಕಿತದಲ್ಲಿ ಇನ್ನೊಬ್ಬರು ಬರೆದು ಸೇರಿಸಿದ್ದನ್ನು ಬೇರ್ಪಡಿಸಲು ವಿದ್ವಾಂಸರು ಪಟ್ಟಿರುವ ಶ್ರಮವನ್ನು ನೆನೆದರೆ, ಗುರುತಿನ ಬೆಲೆಯೆಷ್ಟು, ಅದನ್ನು ಕದಿಯುವುದು ಎಷ್ಟು ಸುಲಭ ಎಂಬೆರಡೂ ಮನದಟ್ಟಾಗುತ್ತವೆ.

ಗಣಕಯಂತ್ರಗಳ ಲೋಕದಲ್ಲಿ ಈ ಪದ್ಧತಿ ಯುನಿಕ್ಸ್ ಎಂಬ ಕಾರ್ಯವ್ಯವಸ್ಥೆಯನ್ನು ಬಳಸುತ್ತಿದ್ದವರಿಂದ ಬೆಳೆಯಿತು. ಅವರು 'ಸಿಗ್ನೇಚರ್' ಎಂಬ ಹೆಸರಿನ ಪುಟ್ಟ ಕಡತದಲ್ಲಿ ತಮ್ಮ ವಿವರವನ್ನು ಬರೆದಿಡುತ್ತಿದ್ದರು; ಅಂಚೆಯ ತಂತ್ರಾಂಶ ಅದನ್ನು ಪತ್ರದ ಅಡಿಗೆ ಜೋಡಿಸುತ್ತಿತ್ತು. ಪತ್ರ ಎಲ್ಲಿ ಮುಗಿಯಿತು, ಸಹಿ ಎಲ್ಲಿ ಆರಂಭವಾಯಿತು ಎಂಬುದನ್ನು ಯಂತ್ರಕ್ಕೆ ತಿಳಿಸಲು ಎರಡು ಅಡ್ಡಗೆರೆ, ಅದರ ಮುಂದೆ ಒಂದು ತೆರಪು ಎಂಬ ಗುರುತು ರೂಢಿಗೆ ಬಂದಿತು. ಇಂದಿಗೂ ಅನೇಕ ಪತ್ರಗಳ ಅಡಿಯಲ್ಲಿ ಕಾಣುವ ಆ ಎರಡು ಗೆರೆಗಳು ಅಲಂಕಾರವಲ್ಲ. ಥಂಡರ್‌ಬರ್ಡ್‌ನಂತಹ ತಂತ್ರಾಂಶಗಳು ಉತ್ತರ ಬರೆಯುವಾಗ ಆ ಗೆರೆಯ ಕೆಳಗಿನದನ್ನು ಬಿಟ್ಟು, ಮೇಲಿನ ಮಾತನ್ನಷ್ಟೇ ಎತ್ತಿಕೊಳ್ಳುತ್ತವೆ.

1995ರ ಅಕ್ಟೋಬರ್‌ನಲ್ಲಿ ಅಂತರಜಾಲದ ಶಿಷ್ಟಾಚಾರವನ್ನು ಕುರಿತು 'ಆರ್‌ಎಫ್‌ಸಿ 1855' ಎಂಬ ಮಾರ್ಗಸೂಚಿ ಪ್ರಕಟವಾಯಿತು. ಸಹಿ ನಾಲ್ಕು ಸಾಲುಗಳನ್ನು ಮೀರಬಾರದೆಂದು ಅದು ಹೇಳಿತು. ಆಗ ಅನೇಕರು ನಿಮಿಷದ ಲೆಕ್ಕದಲ್ಲಿ ಹಣ ತೆರುತ್ತಿದ್ದರು. ಪತ್ರ ಉದ್ದವಾದಷ್ಟೂ ಓದುವವನ ಜೇಬಿಗೆ ಭಾರ. ನಮ್ಮ ದೇಶದಲ್ಲಿ ಅಂತರಜಾಲ ಸೇವೆ ಸಾರ್ವಜನಿಕರಿಗೆ ದೊರೆತದ್ದು ಅದೇ ವರ್ಷದ ಆಗಸ್ಟ್ 15ರಂದು. ನಿಮಿಷದ ಲೆಕ್ಕ ಇಂದು ಹೋಗಿದೆ. ಓದುವವನ ತಾಳ್ಮೆಯ ಲೆಕ್ಕ ಉಳಿದಿದೆ. ನಾಲ್ಕು ಸಾಲಿನ ನಿಯಮ ಇಂದಿಗೂ ಸಲ್ಲುತ್ತದೆ.

ಪತ್ರದ ಅಡಿಯ ಸಾಲಿಗೆ ಎಂತಹ ಬಲವಿದೆಯೆಂಬುದನ್ನು ಲೋಕಕ್ಕೆ ತೋರಿಸಿದವರಲ್ಲಿ ಬೆಂಗಳೂರಿನಲ್ಲಿ ಬೆಳೆದ ಸಬೀರ್ ಭಾಟಿಯಾ ಒಬ್ಬರು. ಅವರೂ ಜ್ಯಾಕ್ ಸ್ಮಿತ್ ಅವರೂ ಸೇರಿ 1996ರ ಜುಲೈ 4ರಂದು ಹಾಟ್‌ಮೇಲ್ ಎಂಬ ಉಚಿತ ಅಂಚೆಯನ್ನು ಆರಂಭಿಸಿದರು. ಅದರ ಮೂಲಕ ಹೋಗುವ ಪ್ರತಿಯೊಂದು ಪತ್ರದ ಅಡಿಯಲ್ಲಿ, ನಿಮಗೂ ಇಂತಹ ಉಚಿತ ಅಂಚೆ ದೊರೆಯುತ್ತದೆಂಬ ಅರ್ಥದ ಒಂದು ಸಾಲನ್ನು ಸೇರಿಸಲಾಯಿತು. ಪತ್ರ ಪಡೆದವರು ಆ ಸಾಲನ್ನು ಓದಿ ತಾವೂ ಸೇರಿದರು. ಅವರ ಪತ್ರಗಳು ಮತ್ತಷ್ಟು ಜನರನ್ನು ಕರೆತಂದವು. 1997ರ ಡಿಸೆಂಬರ್‌ನಲ್ಲಿ ಮೈಕ್ರೋಸಾಫ್ಟ್ ಸಂಸ್ಥೆ ಅದನ್ನು ಕೊಳ್ಳುವಷ್ಟರಲ್ಲಿ ಬಳಕೆದಾರರ ಸಂಖ್ಯೆ ಲಕ್ಷಗಳ ಲೆಕ್ಕವನ್ನು ಮುಟ್ಟಿತ್ತು. ಬರೆದವರು ತಮ್ಮ ಮಾತನ್ನು ಕಳುಹಿಸಿದರು. ಅಡಿಯ ಸಾಲು ತನ್ನ ಕೆಲಸವನ್ನು ತಾನು ಮಾಡಿತು. ಐಫೋನ್‌ನಿಂದ ಹೋಗುವ ಪತ್ರಗಳ ಅಡಿಯಲ್ಲಿ ಆ ಫೋನಿನ ಹೆಸರು ಇಂದೂ ಕಾಣುವುದು ಇದೇ ಜಾತಿಯದು. ಅದನ್ನು ಅಳಿಸಿ ನಮ್ಮ ಹೆಸರನ್ನು ಇಡಲು ಅವಕಾಶವಿದೆ.

ಸ್ಥಾಪಿಸುವ ಕ್ರಮ

ನಮ್ಮ ಓದುಗರಲ್ಲಿ ಬಹುಮಂದಿ ಬಳಸುವುದು ಜಿಮೇಲ್ ಆದ್ದರಿಂದ ಅದರ ಕ್ರಮವನ್ನು ಮೊದಲು ಹೇಳುತ್ತೇವೆ. ಗಣಕಯಂತ್ರದಲ್ಲಿ ಜಿಮೇಲ್ ತೆರೆದಾಗ ಬಲಮೇಲ್ತುದಿಯಲ್ಲಿ ಹಲ್ಲುಚಕ್ರದ ಚಿತ್ರವಿರುತ್ತದೆ. ಅದನ್ನು ಒತ್ತಿ 'ಸೀ ಆಲ್ ಸೆಟ್ಟಿಂಗ್ಸ್' ಎಂಬುದನ್ನು ಆರಿಸಬೇಕು. ತೆರೆಯುವ 'ಜನರಲ್' ಪುಟದಲ್ಲಿ ಕೆಳಕ್ಕೆ ಸರಿದಾಗ 'ಸಿಗ್ನೇಚರ್' ಎಂಬ ಭಾಗ ಸಿಗುತ್ತದೆ. ಅಲ್ಲಿ 'ಕ್ರಿಯೇಟ್ ನ್ಯೂ' ಒತ್ತಿದರೆ ಸಹಿಗೊಂದು ಹೆಸರು ಕೇಳುತ್ತದೆ. ಈ ಹೆಸರು ನಮ್ಮ ಗುರುತಿಗಷ್ಟೇ, ಪತ್ರದಲ್ಲಿ ಕಾಣದು. 'ಮನೆ', 'ಶಾಲೆ', 'ಸಂಘ' ಎಂದಿಟ್ಟುಕೊಂಡರೆ ಸಾಕು. ಪಕ್ಕದ ಚೌಕದಲ್ಲಿ ಸಹಿಯ ಸಾಲುಗಳನ್ನು ಬರೆಯಬೇಕು.

ಆ ಚೌಕದ ಕೆಳಗೆ ಎರಡು ಆಯ್ಕೆಗಳಿರುತ್ತವೆ. ಹೊಸ ಪತ್ರಕ್ಕೆ ಯಾವ ಸಹಿ ಎಂಬುದು ಒಂದು. ಉತ್ತರಕ್ಕೂ ಮುಂದಕ್ಕೆ ಕಳುಹಿಸುವ ಪತ್ರಕ್ಕೂ ಯಾವ ಸಹಿ ಎಂಬುದು ಇನ್ನೊಂದು. ಸಹಿ ಬರೆದಿಟ್ಟು ಇಲ್ಲಿ ಆಯ್ಕೆ ಮಾಡದಿದ್ದರೆ ಅದು ತಾನಾಗಿ ಬರುವುದಿಲ್ಲ. 'ಬರೆದೆ, ಕಾಣುತ್ತಿಲ್ಲ' ಎನ್ನುವವರು ಮೊದಲು ನೋಡಬೇಕಾದ ಸ್ಥಳವಿದು. ಎಲ್ಲ ಮುಗಿದ ಮೇಲೆ ಪುಟದ ತೀರ ಕೆಳಗಿರುವ 'ಸೇವ್ ಚೇಂಜಸ್' ಒತ್ತದೆ ಹೊರಬಂದರೆ ಮಾಡಿದ್ದೆಲ್ಲ ನೀರಲ್ಲಿ ಹೋಮ. ಹಲವು ಸಹಿಗಳಿದ್ದರೆ, ಪತ್ರ ಬರೆಯುವ ಚೌಕದ ಕೆಳಗಿರುವ ಲೇಖನಿಯ ಚಿತ್ರವನ್ನು ಒತ್ತಿ ಆ ಪತ್ರಕ್ಕೆ ತಕ್ಕುದನ್ನು ಆರಿಸಿಕೊಳ್ಳಬಹುದು.

ಸಂಚಾರಿ ದೂರವಾಣಿಯಲ್ಲಿ ಇದನ್ನು ಪ್ರತ್ಯೇಕವಾಗಿಯೇ ಮಾಡಬೇಕು. ಆಂಡ್ರಾಯ್ಡ್ ಫೋನಿನ ಜಿಮೇಲ್‌ನಲ್ಲಿ ಎಡಮೇಲ್ತುದಿಯ ಮೂರು ಗೆರೆ, ಅಲ್ಲಿಂದ 'ಸೆಟ್ಟಿಂಗ್ಸ್', ಬಳಿಕ ನಮ್ಮ ವಿಳಾಸ, ಅದರೊಳಗೆ 'ಮೊಬೈಲ್ ಸಿಗ್ನೇಚರ್'. ಔಟ್‌ಲುಕ್ ಬಳಸುವವರು ಅದರ ಸೆಟ್ಟಿಂಗ್ಸ್‌ನಲ್ಲಿ 'ಸಿಗ್ನೇಚರ್ಸ್' ಎಂಬುದನ್ನೂ, ಥಂಡರ್‌ಬರ್ಡ್ ಬಳಸುವವರು 'ಅಕೌಂಟ್ ಸೆಟ್ಟಿಂಗ್ಸ್' ಪುಟದಲ್ಲಿರುವ ಸಹಿಯ ಚೌಕವನ್ನೂ ಹುಡುಕಿದರಾಯಿತು. ದಾರಿ ಬೇರೆ, ತತ್ತ್ವ ಒಂದೇ.

ಇರಬೇಕಾದುದು, ಇರಬಾರದುದು

ಮೊದಲ ಸಾಲಿನಲ್ಲಿ ಪೂರ್ಣ ಹೆಸರು. ಎರಡನೆಯದರಲ್ಲಿ ಹುದ್ದೆ ಅಥವಾ ವೃತ್ತಿ. ಮೂರನೆಯದರಲ್ಲಿ ಸಂಸ್ಥೆ ಮತ್ತು ಊರು. ನಾಲ್ಕನೆಯದರಲ್ಲಿ ಕರೆ ಮಾಡಬಹುದಾದ ಒಂದೇ ಒಂದು ಸಂಖ್ಯೆ. ಇಷ್ಟಿದ್ದರೆ ಸಹಿ ಸಂಪನ್ನ. ಮನೆಯ ಬಾಗಿಲ ಸಂಖ್ಯೆ, ಜನ್ಮದಿನಾಂಕ, ಬ್ಯಾಂಕ್ ಖಾತೆ, ಆಧಾರ್ ಸಂಖ್ಯೆಗಳಿಗೆ ಇಲ್ಲಿ ಎಂದೂ ಎಡೆಯಿರಕೂಡದು. ನಾವು ಕಳುಹಿಸಿದ ಪತ್ರವನ್ನು ಪಡೆದವರು ಮತ್ತೊಬ್ಬರಿಗೆ, ಅವರು ಮಗದೊಬ್ಬರಿಗೆ ಕಳುಹಿಸುತ್ತಾರೆ. ಸಹಿಯೂ ಜೊತೆಗೆ ಹೋಗುತ್ತದೆ. ಹಿತವಚನ, ಸುಭಾಷಿತಗಳನ್ನು ಅಡಿಯಲ್ಲಿ ಕೂಡಿಸುವ ರೂಢಿ ಹಲವರಿಗಿದೆ. ಸಂತಾಪದ ಪತ್ರಕ್ಕೂ ಸಂತಸದ ಪತ್ರಕ್ಕೂ ಒಂದೇ ಸುಭಾಷಿತ ಅಂಟಿಕೊಂಡು ಹೋದರೆ ಆಗುವ ಮುಜುಗರವನ್ನು ಬಿಡಿಸಿ ಹೇಳಬೇಕಿಲ್ಲ.

ಕನ್ನಡದಲ್ಲಿ ಸಹಿ ಮಾಡುವವರು ಯುನಿಕೋಡ್ ಅಕ್ಷರಗಳನ್ನೇ ಬಳಸಬೇಕು. ನುಡಿ, ಬರಹ ಮೊದಲಾದ ತಂತ್ರಾಂಶಗಳ ಹಳೆಯ ಅಕ್ಷರವಿನ್ಯಾಸದಲ್ಲಿ ಬರೆದುದು ಆ ವಿನ್ಯಾಸವಿಲ್ಲದ ಯಂತ್ರದಲ್ಲಿ ಅರ್ಥವಾಗದ ಚಿಹ್ನೆಗಳ ರಾಶಿಯಾಗಿ ಕಾಣುತ್ತದೆ. ಹೆಸರನ್ನು ಚಿತ್ರವಾಗಿ ಅಂಟಿಸುವುದೂ ಹಿತವಲ್ಲ. ಎಷ್ಟೋ ಕಡೆ ಅಂಚೆಯ ತಂತ್ರಾಂಶ ಚಿತ್ರವನ್ನು ತೋರಿಸದೆ ತಡೆಯುತ್ತದೆ. ಪಠ್ಯವನ್ನು ಓದಿ ಹೇಳುವ ತಂತ್ರಾಂಶವನ್ನು ನೆಚ್ಚಿದ ದೃಷ್ಟಿಹೀನರಿಗೆ ಚಿತ್ರದೊಳಗಿನ ಹೆಸರು ಕೇಳಿಸುವುದೇ ಇಲ್ಲ.

ಒಪ್ಪದ ಭಾರ

'ಯಂತ್ರ ತಾನಾಗಿ ಸೇರಿಸಿದ ಹೆಸರು ತಾನೆ, ಅದಕ್ಕೇನು ಬೆಲೆ?' ಎಂದು ಕೇಳುವವರುಂಟು. ಇಂಗ್ಲೆಂಡಿನ ಒಂದು ವ್ಯಾಜ್ಯ ಇದಕ್ಕೆ ಉತ್ತರ ನೀಡಿದೆ. ವಿಂಡರ್‌ಮಿಯರ್ ಸರೋವರದ ಬಳಿಯ ಒಂದು ತುಂಡು ಭೂಮಿಯ ಮಾರಾಟದ ಒಪ್ಪಂದ ವಕೀಲರ ನಡುವಣ ಮಿಂಚಂಚೆಗಳಲ್ಲಿ ನಡೆದಿತ್ತು. ಭೂಮಿಯ ಕರಾರಿಗೆ ಆ ದೇಶದ ಕಾನೂನು ಸಹಿಯನ್ನು ಕಡ್ಡಾಯ ಮಾಡಿದೆ. ಮಾರುವವರ ಪರ ವಕೀಲರ ಪತ್ರದಲ್ಲಿ ಇದ್ದುದು ಧನ್ಯವಾದದ ಒಂದು ಮಾತು ಮತ್ತು ಯಂತ್ರ ಸೇರಿಸಿದ ಹೆಸರು, ವೃತ್ತಿ, ವಿಳಾಸ. ಅದು ಸಹಿಯೇ ಎಂದು ಮ್ಯಾಂಚೆಸ್ಟರಿನ ನ್ಯಾಯಾಲಯ 2019ರಲ್ಲಿ ತೀರ್ಪಿತ್ತಿತು. ಒಂದು ಕಾಲಕ್ಕೆ ಯಾರೋ ಮನಃಪೂರ್ವಕವಾಗಿ ಆ ಏರ್ಪಾಡನ್ನು ಮಾಡಿದ್ದಾರೆ. ಹೆಸರನ್ನು ಕೈ ಬರೆಯಿತೋ ಯಂತ್ರ ಬರೆಯಿತೋ ಎಂಬುದು ಪತ್ರ ಪಡೆದವರಿಗೆ ತಿಳಿಯುವಂತಿಲ್ಲ. ತೀರ್ಪಿನ ಹಿಂದಿನ ವಿಚಾರ ಇದು. ಅದೇ ದೇಶದಲ್ಲಿ 2006ರಲ್ಲಿ, ಪತ್ರದ ತಲೆಯಲ್ಲಿ ತಾನಾಗಿ ಮೂಡುವ ಮಿಂಚಂಚೆ ವಿಳಾಸವಷ್ಟೇ ಸಹಿಯಾಗದು ಎಂದು ಬೇರೊಂದು ನ್ಯಾಯಾಲಯ ಹೇಳಿತ್ತು. ವಿಳಾಸ ಬೇರೆ, ಒಪ್ಪ ಬೇರೆ ಎಂದಾಯಿತು.

ಆ ತೀರ್ಪು ನಮ್ಮ ನ್ಯಾಯಾಲಯಗಳನ್ನು ಕಟ್ಟಿಹಾಕುವುದಿಲ್ಲ. ಆದರೆ ನಮ್ಮಲ್ಲಿಯೂ ಮಿಂಚಂಚೆಯ ಮಾತು ಗಾಳಿಮಾತಲ್ಲ. ಬಾಕ್ಸೈಟ್ ಅದಿರಿನ ಪೂರೈಕೆಯ ಒಂದು ಪ್ರಕರಣದಲ್ಲಿ, ಮಿಂಚಂಚೆಯಲ್ಲಿಯೇ ಪ್ರಸ್ತಾಪ ಮಾಡಿ, ಮಿಂಚಂಚೆಯಲ್ಲಿಯೇ ಒಪ್ಪಿಕೊಂಡ ಮೇಲೆ, ವಿಧ್ಯುಕ್ತವಾದ ಕರಾರುಪತ್ರಕ್ಕೆ ಸಹಿ ಬೀಳಲಿಲ್ಲವೆಂಬ ಕಾರಣದಿಂದ ಒಪ್ಪಂದ ಇಲ್ಲವಾಗದು ಎಂದು ನಮ್ಮ ಸರ್ವೋಚ್ಚ ನ್ಯಾಯಾಲಯ 2010ರಲ್ಲಿ ಹೇಳಿದೆ.

ಇಷ್ಟಾದರೂ ಪತ್ರದ ಅಡಿಯ ಹೆಸರನ್ನೂ, 2000ದ ಮಾಹಿತಿ ತಂತ್ರಜ್ಞಾನ ಕಾಯಿದೆ ಹೇಳುವ ಡಿಜಿಟಲ್ ಸಹಿಯನ್ನೂ ಒಂದೆಂದು ತಿಳಿಯಬಾರದು. ಡಿಜಿಟಲ್ ಸಹಿಗೆ ಪರವಾನಗಿ ಪಡೆದ ಸಂಸ್ಥೆಯ ಪ್ರಮಾಣಪತ್ರ ಬೇಕು. ಸಹಿಯಾದ ಬಳಿಕ ಪತ್ರದ ಒಂದಕ್ಷರ ಬದಲಾದರೂ ಅದು ಬಯಲಾಗುತ್ತದೆ. ಅಡಿಯ ಹೆಸರಿಗಾದರೋ ಅಂತಹ ಬೀಗವಿಲ್ಲ. ಯಾರು ಬೇಕಾದರೂ ಅದನ್ನು ನಕಲು ಮಾಡಿ ತಮ್ಮ ಪತ್ರದ ಅಡಿಗೆ ಅಂಟಿಸಬಹುದು. ಸಂಸ್ಥೆಯ ಕಾರ್ಯದರ್ಶಿಗಳ ಹೆಸರು, ಹುದ್ದೆ, ಲಾಂಛನಗಳೆಲ್ಲ ಯಥಾವತ್ತಾಗಿದ್ದು, 'ನಮ್ಮ ಬ್ಯಾಂಕ್ ಖಾತೆ ಬದಲಾಗಿದೆ, ಶುಲ್ಕವನ್ನು ಹೊಸ ಖಾತೆಗೆ ಜಮಾ ಮಾಡಿರಿ' ಎಂಬ ಪತ್ರ ಬಂದಿತೆನ್ನೋಣ. ಆ ಸಹಿಯನ್ನು ನೋಡಿ ಹಣ ಕಳುಹಿಸಕೂಡದು. ಆ ಸಹಿಯಲ್ಲಿರುವ ಸಂಖ್ಯೆಗೆ ಕರೆ ಮಾಡಿ ವಿಚಾರಿಸುವುದೂ ವ್ಯರ್ಥ. ಮೊದಲಿನಿಂದ ನಮ್ಮ ಬಳಿಯಿರುವ ಸಂಖ್ಯೆಗೆ ಕರೆ ಮಾಡಿ ಕೇಳಬೇಕು. ಕಳುಹಿಸಿದವರ ವಿಳಾಸವನ್ನು ಅಕ್ಷರ ಬಿಡದೆ ಓದಬೇಕು. ಹಣ ಹೋಗಿಯೇಬಿಟ್ಟಿದ್ದರೆ ತಡಮಾಡದೆ 1930ಕ್ಕೆ ಕರೆ ಮಾಡಬೇಕು. ಗಣಕದ ಮೂಲಕ ಪರರ ವೇಷ ಧರಿಸಿ ವಂಚಿಸುವುದು ಆ ಕಾಯಿದೆಯ 66ಡಿ ಕಲಮಿನಂತೆ 3 ವರ್ಷಗಳವರೆಗಿನ ಸೆರೆವಾಸಕ್ಕೆ ಗುರಿಮಾಡುವ ಅಪರಾಧ.

ಪಾಲನೆ

ಕಟ್ಟಿದ ಮನೆಗೆ ವರ್ಷಕ್ಕೊಮ್ಮೆ ಸುಣ್ಣ ಬಳಿಯುವಂತೆ ಸಹಿಗೂ ಉಪಚಾರ ಬೇಕು. ನಿವೃತ್ತರಾದ ಮುಖ್ಯೋಪಾಧ್ಯಾಯರ ಪತ್ರದಲ್ಲಿ ಹುದ್ದೆ ಇನ್ನೂ ಮುಂದುವರಿದಿದ್ದರೆ ಅದು ಅವರಿಗೆ ಅರಿವಿಲ್ಲದೆಯೇ ಆಡಿದ ಸುಳ್ಳಾಗುತ್ತದೆ. ಸಂಘದ ಅಧಿಕಾರ ಕೈಬದಲಾದ ದಿನವೇ ಹಿಂದಿನವರು ತಮ್ಮ ಸಹಿಯಿಂದ ಪದವಿಯನ್ನು ತೆಗೆಯಬೇಕು, ಮುಂದಿನವರು ಸೇರಿಸಿಕೊಳ್ಳಬೇಕು. ದಫ್ತರ ಒಪ್ಪಿಸುವಾಗ ಕೀಲಿಕೈಯೊಂದಿಗೆ ಇದನ್ನೂ ಪಟ್ಟಿಯಲ್ಲಿ ಸೇರಿಸುವುದು ಲೇಸು. ಸಂಸ್ಥೆಯ ವಿಳಾಸವನ್ನು ಹಲವರು ಬಳಸುತ್ತಿದ್ದರೆ, ಯಾರು ಬರೆದರೋ ಅವರ ಹೆಸರೇ ಅಡಿಯಲ್ಲಿ ಬರುವಂತೆ ಬೇರೆಬೇರೆ ಸಹಿಗಳಿರಬೇಕು. ಗುಮಾಸ್ತರು ಬರೆದ ಪತ್ರ ಅಧ್ಯಕ್ಷರ ಹೆಸರಿನಲ್ಲಿ ಹೋಗುವುದು ಇಬ್ಬರಿಗೂ ಕ್ಷೇಮಕರವಲ್ಲ.

ಕಚೇರಿಯ ಸಹಿ ಮನೆಯ ಪತ್ರಕ್ಕೆ ಹೋಗದಂತೆಯೂ ಎಚ್ಚರವಿರಲಿ. ಮಗಳ ಸಂಬಂಧದ ವಿಷಯವಾಗಿ ಬೀಗರಾಗುವವರಿಗೆ ಬರೆದ ಪತ್ರದ ಅಡಿಯಲ್ಲಿ ಸರ್ಕಾರಿ ಹುದ್ದೆಯೂ ಇಲಾಖೆಯ ಹೆಸರೂ ಮೂಡಿದರೆ ಓದಿದವರು ಅದನ್ನು ಅಧಿಕಾರದ ಪ್ರದರ್ಶನವೆಂದೇ ಭಾವಿಸುತ್ತಾರೆ. ಸಾಲದ ಜಾಮೀನು, ಜಮೀನಿನ ತಕರಾರುಗಳಲ್ಲಿ ಇದು ಇನ್ನೂ ಕೆಟ್ಟದ್ದು. ಇಲಾಖೆಯೇ ಮಾತಾಡಿತೆಂಬ ಭ್ರಮೆಗೆ ಎಡೆಯಾಗುತ್ತದೆ. ಮನೆಗೆ ಬೇರೆ ವಿಳಾಸ, ಅದಕ್ಕೆ ಬರಿಯ ಹೆಸರಿನ ಸಹಿ ಇದ್ದರೆ ಈ ತೊಡಕಿಲ್ಲ.

ವರ್ಷಕ್ಕೊಮ್ಮೆ, ಯುಗಾದಿಯ ಹೊತ್ತಿಗೆ ಎಂದಿಟ್ಟುಕೊಂಡರೂ ಸರಿ, ತಮ್ಮ ವಿಳಾಸಕ್ಕೆ ತಾವೇ ಒಂದು ಪತ್ರ ಕಳುಹಿಸಿ ಅದರ ಅಡಿಯನ್ನು ಪರರ ಕಣ್ಣಿನಿಂದೆಂಬಂತೆ ಓದಬೇಕು. ಹೆಸರು ಸರಿಯಿದೆಯೇ, ಹುದ್ದೆ ಇಂದಿಗೂ ನಿಜವೇ, ಸಂಖ್ಯೆ ಬದಲಾಗಿಲ್ಲವೇ ಎಂದು ನೋಡಲು ಎರಡು ನಿಮಿಷ ಸಾಕು. ಮನೆಯ ಹಿರಿಯರ ಫೋನಿನಲ್ಲಿ ಇದನ್ನು ಮಾಡಿಕೊಡುವ ಕೆಲಸವನ್ನು ಮಕ್ಕಳು, ಮೊಮ್ಮಕ್ಕಳು ವಹಿಸಿಕೊಳ್ಳಲಿ. ಮಾಡಿಕೊಟ್ಟ ಮೇಲೆ ಏನು ಬರೆದಿದೆಯೆಂಬುದನ್ನು ಹಿರಿಯರಿಗೆ ಓದಿ ಹೇಳಲಿ. ತಾನು ಕಾಣದ ಒಪ್ಪಕ್ಕೆ ತಾನು ಹೊಣೆಯಾಗುವಂತೆ ಯಾರನ್ನೂ ಮಾಡಬಾರದು. ಯಂತ್ರ ನಮ್ಮ ಪರವಾಗಿ ಬರೆಯಲಿ. ಆದರೆ ಅದು ಬರೆಯುವ ನಾಲ್ಕು ಸಾಲು ನಾವು ಎದುರಿಗೆ ನಿಂತು ಹೇಳಬಲ್ಲ ಸತ್ಯವೇ ಆಗಿರಲಿ.