ಕೋಟು ಕೇಳ್ತಾರೆ, ಕಣ್ಣು ಕೇಳಲ್ಲ

ಫಿಸಿಕ್ಸ್ ಸೈಕಲ್ ಮುಗಿಸಿ ಈ ಸೆಮ್‌ನಲ್ಲಿ ಕೆಮಿಸ್ಟ್ರಿ ಸೈಕಲ್‌ಗೆ ಬರ್ತಿರೋ ಜೂನಿಯರ್‌ಗಳು ನಮ್ಮನ್ನ ಕೇಳೋದು ಎರಡೇ ಪ್ರಶ್ನೆ. ಹಳೇ ರೆಕಾರ್ಡ್ ಇದ್ಯಾ? ಇಂಟರ್ನಲ್ಸ್‌ಗೆ ಯಾವ ಎಕ್ಸ್‌ಪೆರಿಮೆಂಟ್ ಬರತ್ತೆ? ಎರಡಕ್ಕೂ ನಮ್ಮ ಹತ್ರ ಉತ್ತರ ಇದೆ, ಕ್ಯಾಂಟೀನಿಗೆ ಬನ್ನಿ, ಒಂದು ಟೀ ಕೊಡಿಸಿ, ಹೇಳ್ತೀವಿ. ಆದರೆ ಆ ಲ್ಯಾಬಿನಲ್ಲಿ ನಾವು ಏನನ್ನು ಮುಟ್ಟುತ್ತೀವಿ, ಏನನ್ನು ಉಸಿರಾಡ್ತೀವಿ, ಕೊನೆಗೆ ಸಿಂಕಿಗೆ ಏನನ್ನು ಸುರಿದು ಬರ್ತೀವಿ ಅಂತ ಇದುವರೆಗೆ ಒಬ್ಬರೂ ಕೇಳಿಲ್ಲ. ಅವರ ತಪ್ಪಲ್ಲ ಅದು. ಕೇಳಬೇಕು ಅನ್ನಿಸೋ ವಾತಾವರಣವೇ ಅಲ್ಲಿಲ್ಲ.

ಬಾಗಿಲಲ್ಲಿ ತಪಾಸಣೆ ಮಾತ್ರ ಜೋರಾಗಿಯೇ ಇರತ್ತೆ. ಬಿಳಿ ಕೋಟು, ಐಡಿ ಕಾರ್ಡ್, ಹಿಂದಿನ ವಾರದ ರೆಕಾರ್ಡಿಗೆ ಸಹಿ, ಅಬ್ಸರ್ವೇಶನ್ ಬುಕ್ಕಿಗೆ ಬ್ರೌನ್ ಶೀಟ್ ಬೈಂಡು. ಇದರಲ್ಲಿ ಒಂದಿಲ್ಲದಿದ್ರೂ ಹೊರಗೆ ನಿಲ್ಲಬೇಕು. ಸೇಫ್ಟಿ ಕನ್ನಡಕ ಇಲ್ವಾ? ಪರವಾಗಿಲ್ಲ, ಒಳಗೆ ಬನ್ನಿ. ಗ್ಲೌಸ್? ಅದು ಯಾಕೆ ಅಂತ ನಗ್ತಾರೆ. ನಮ್ಮ ಇಡೀ ಸೆಮಿಸ್ಟರಿನಲ್ಲಿ ಕಣ್ಣಿಗೆ ಏನಾದ್ರೂ ಹಾಕಿಕೊಂಡಿದ್ದವರು ಅಂದ್ರೆ ಪವರ್ ಇರೋ ಕನ್ನಡಕದವರು ಮಾತ್ರ. ಅದೂ ಪಕ್ಕದಿಂದ ಹಾರೋ ಹನಿಯನ್ನ ತಡೆಯಲ್ಲ.

ಕೋಟನ್ನ ನಾವೆಲ್ಲ ಯೂನಿಫಾರ್ಮ್ ಅಂದುಕೊಂಡಿದ್ದೀವಿ. ಅದಕ್ಕೇ ಸ್ಟೇಷನರಿ ಅಂಗಡಿಯಲ್ಲಿ ಸಿಗೋ ತೆಳ್ಳನೆ ಟೆರಿಕಾಟ್ ಕೋಟು ನಡೆಯತ್ತೆ, ಗುಂಡಿ ಹಾಕದಿದ್ರೂ ನಡೆಯತ್ತೆ, ತೋಳು ಮೇಲಕ್ಕೆ ಮಡಚಿದ್ರೂ ನಡೆಯತ್ತೆ. ಕೋಟಿನ ಕೆಲಸ ಏನು ಗೊತ್ತಾ? ಮೈಮೇಲೆ ಬೀಳಬೇಕಾದ ಆಸಿಡ್ ತನ್ನ ಮೇಲೆ ಬೀಳಿಸಿಕೊಳ್ಳೋದು, ಬಿದ್ದ ಕೂಡಲೇ ಕಿತ್ತೆಸೆಯೋಕೆ ಆಗೋದು. ಅದಕ್ಕೆ ಕಾಟನ್ ಇರಬೇಕು, ಯಾಕಂದ್ರೆ ಸಿಂಥೆಟಿಕ್ ಬಟ್ಟೆಗೆ ಬೆಂಕಿ ತಾಗಿದ್ರೆ ಕರಗಿ ಚರ್ಮಕ್ಕೆ ಅಂಟಿಕೊಳ್ಳತ್ತೆ. 2008ರ ಡಿಸೆಂಬರ್ 29ರಂದು ಅಮೆರಿಕದ ಲಾಸ್ ಏಂಜಲೀಸ್‌ನ ಯುಸಿಎಲ್‌ಎ ಲ್ಯಾಬಿನಲ್ಲಿ ಶೆರಿ ಸಂಗ್ಜಿ ಎಂಬ 23 ವರ್ಷದ ಸಂಶೋಧನಾ ಸಹಾಯಕಿ ಸಿರಿಂಜಿನಲ್ಲಿ ಟರ್ಶಿಯರಿ ಬ್ಯುಟೈಲ್ ಲಿಥಿಯಂ ಎಳೆಯುತ್ತಿದ್ದಾಗ ಸಿರಿಂಜಿನ ದಂಡ ಕಳಚಿಕೊಂಡಿತು. ಗಾಳಿ ತಾಗಿದರೆ ತಾನಾಗೇ ಹೊತ್ತಿಕೊಳ್ಳುವ ದ್ರವ ಅದು. ಅವರು ಕೋಟು ಹಾಕಿರಲಿಲ್ಲ, ಮೈಮೇಲೆ ಇದ್ದದ್ದು ಸಿಂಥೆಟಿಕ್ ಸ್ವೆಟರ್. 18 ದಿನ ಆಸ್ಪತ್ರೆಯಲ್ಲಿದ್ದು 2009ರ ಜನವರಿ 16ರಂದು ತೀರಿಕೊಂಡರು. ಆಮೇಲೆ ಆ ಲ್ಯಾಬಿನ ಪ್ರೊಫೆಸರ್ ಮೇಲೆ ಕ್ರಿಮಿನಲ್ ಕೇಸೇ ದಾಖಲಾಯಿತು. ದೂರದ ಮಾತು ಅನ್ನಿಸಿದರೆ, 2018ರ ಡಿಸೆಂಬರ್ 5ರಂದು ನಮ್ಮ ಬೆಂಗಳೂರಿನ ಐಐಎಸ್‌ಸಿಯ ಹೈಪರ್‌ಸಾನಿಕ್ ಲ್ಯಾಬಿನಲ್ಲೇ ಸ್ಫೋಟ ಆಗಿ ಒಬ್ಬ ಸಂಶೋಧಕರು ಪ್ರಾಣ ಕಳೆದುಕೊಂಡರು, ಮೂವರು ಗಾಯಗೊಂಡರು.

ಫಸ್ಟ್ ಇಯರ್ ಲ್ಯಾಬಿನಲ್ಲಿ ಬ್ಯುಟೈಲ್ ಲಿಥಿಯಂ ಇಲ್ಲ, ಹೈಡ್ರೋಜನ್ ಸಿಲಿಂಡರೂ ಇಲ್ಲ, ಒಪ್ತೀವಿ. ಏನಿದೆ ನೋಡೋಣ.

ಹಿತ್ತಾಳೆಯಲ್ಲಿ ತಾಮ್ರ ಎಷ್ಟಿದೆ ಅಂತ ಕಂಡುಹಿಡಿಯೋ ಎಕ್ಸ್‌ಪೆರಿಮೆಂಟ್ ಎಲ್ಲರಿಗೂ ಗೊತ್ತು. ಹಿತ್ತಾಳೆ ಚೂರಿಗೆ ಗಟ್ಟಿ ನೈಟ್ರಿಕ್ ಆಸಿಡ್ ಹಾಕಿದ ಕೂಡಲೇ ಕಂದು ಬಣ್ಣದ ಹೊಗೆ ಏಳತ್ತಲ್ಲ, ಅದು ನೈಟ್ರೋಜನ್ ಡೈಆಕ್ಸೈಡ್. ನೋಡೋಕೆ ಚೆಂದ, ಇನ್‌ಸ್ಟಾಗ್ರಾಮ್‌ಗೆ ರೀಲ್ ಕೂಡ ಮಾಡ್ತಾರೆ. ಆದರೆ ಈ ಅನಿಲದ ಗುಣ ಏನಂದ್ರೆ, ಜಾಸ್ತಿ ಕುಡಿದರೂ ಆ ಕ್ಷಣಕ್ಕೆ ಸ್ವಲ್ಪ ಕೆಮ್ಮು ಅಷ್ಟೇ ಬರಬಹುದು, ಶ್ವಾಸಕೋಶದಲ್ಲಿ ನೀರು ತುಂಬೋ ತೊಂದರೆ ಎಷ್ಟೋ ಗಂಟೆ ಕಳೆದು ಶುರುವಾಗಬಹುದು. ಮಧ್ಯಾಹ್ನ ಲ್ಯಾಬು, ರಾತ್ರಿ ಹಾಸ್ಟೆಲ್ಲಲ್ಲಿ ಉಸಿರು ಕಟ್ಟಿದ್ರೆ ಇದಕ್ಕೂ ಅದಕ್ಕೂ ಸಂಬಂಧ ಇದೆ ಅಂತ ಯಾರಿಗೆ ಹೊಳೆಯತ್ತೆ? ಹಾಗಾಗಿ ಈ ಕೆಲಸ ಫ್ಯೂಮ್ ಹುಡ್ ಒಳಗೇ ಆಗಬೇಕು ಅಂತ ಮ್ಯಾನ್ಯುಯಲ್ಲಿನಲ್ಲೇ ಇದೆ. ನಮ್ಮ ಲ್ಯಾಬಿನಲ್ಲಿ ಫ್ಯೂಮ್ ಹುಡ್ ಇದೆ. ಅದರ ಫ್ಯಾನ್ ತಿರುಗಿದ್ದನ್ನ ನಾವು ನೋಡಿಲ್ಲ. ಒಳಗೆ ಹಳೇ ರೆಕಾರ್ಡುಗಳನ್ನ ಜೋಡಿಸಿಟ್ಟಿದ್ದಾರೆ.

ಇನ್ನು ಹೆಮಟೈಟ್ ಅದಿರಿನಲ್ಲಿ ಕಬ್ಬಿಣದ ಲೆಕ್ಕ. ಅದರಲ್ಲಿ ಹೆಚ್ಚಾದ ಸ್ಟ್ಯಾನಸ್ ಕ್ಲೋರೈಡನ್ನ ತೆಗೆಯೋಕೆ ಮರ್ಕ್ಯುರಿಕ್ ಕ್ಲೋರೈಡ್ ಹಾಕ್ತೀವಿ, ರೇಷ್ಮೆ ಥರ ಬಿಳಿ ಪ್ರೆಸಿಪಿಟೇಟ್ ಬಂದ್ರೆ ಸರಿ ಅಂತ ಖುಷಿ ಪಡ್ತೀವಿ. ಆ ಬಿಳಿ ಅಂದ್ರೆ ಪಾದರಸದ ಸಂಯುಕ್ತ. ಬ್ಯುರೆಟ್ಟಿನಲ್ಲಿ ಇರೋ ಕಿತ್ತಳೆ ಬಣ್ಣದ್ದು ಪೊಟ್ಯಾಸಿಯಂ ಡೈಕ್ರೋಮೇಟ್, ಅಂದ್ರೆ ಆರರ ವೇಲೆನ್ಸಿಯ ಕ್ರೋಮಿಯಂ, ಕ್ಯಾನ್ಸರ್ ತರೋ ಪದಾರ್ಥ. 20 ಜನರ ಬ್ಯಾಚು, ಒಬ್ಬೊಬ್ಬರಿಗೆ ಮೂರು ಟ್ರಯಲ್ ಅಂದ್ರೆ 60 ಫ್ಲಾಸ್ಕು. ಎಲ್ಲಾ ಸಿಂಕಿಗೆ. ತಮಾಷೆ ಏನಂದ್ರೆ ಕೊಳಚೆ ನೀರು ಎಷ್ಟು ಕೆಟ್ಟಿದೆ ಅಂತ ಅಳೆಯೋ ಸಿಒಡಿ ಪರೀಕ್ಷೆಯಲ್ಲೂ ಡೈಕ್ರೋಮೇಟ್, ಗಂಧಕಾಮ್ಲ, ಸಿಲ್ವರ್ ಸಲ್ಫೇಟ್ ಎಲ್ಲ ಬಳಸ್ತಾರೆ, ಕ್ಲೋರೈಡ್ ಅಡ್ಡ ಬರದಿರಲಿ ಅಂತ ಮರ್ಕ್ಯುರಿಕ್ ಸಲ್ಫೇಟೂ ಹಾಕ್ತಾರೆ. ಕೊಳಚೆ ಅಳೆದು ಮುಗಿಸಿ, ಅದಕ್ಕಿಂತ ಕೆಟ್ಟದ್ದನ್ನ ಚರಂಡಿಗೆ ಬಿಟ್ಟು, ರೆಕಾರ್ಡಿಗೆ ಸಹಿ ಹಾಕಿಸ್ಕೊಂಡು ಬರ್ತೀವಿ. ಬೆಳಿಗ್ಗೆ ಎನ್ವಿರಾನ್‌ಮೆಂಟಲ್ ಸ್ಟಡೀಸ್ ಕ್ಲಾಸಿನಲ್ಲಿ ಮಿನಮಾಟಾ ಬಗ್ಗೆ ನೋಟ್ಸ್ ಬರೆದವರೂ ನಾವೇ. ಒಂದು ದೊಡ್ಡ ಪ್ಲಾಸ್ಟಿಕ್ ಕ್ಯಾನು, ಅದರ ಮೇಲೆ 'ಪಾದರಸ, ಕ್ರೋಮಿಯಂ: ಇಲ್ಲಿ ಸುರಿಯಿರಿ' ಅಂತ ಒಂದು ಚೀಟಿ. ಶುರು ಮಾಡೋಕೆ ಇಷ್ಟು ಸಾಕು. ಕ್ಯಾನು ತುಂಬಿದ ಮೇಲೆ ಅದನ್ನ ಅಪಾಯಕಾರಿ ತ್ಯಾಜ್ಯ ಒಯ್ಯೋ ಅಧಿಕೃತರಿಗೆ ಕೊಡೋದು ಕಾಲೇಜಿನ ಕೆಲಸ.

ಎಲ್ಲಕ್ಕಿಂತ ನಮಗೆ ಸಿಟ್ಟು ಬರೋದು ಪಿಪೆಟ್ ವಿಷಯಕ್ಕೆ. ಬಾಯಲ್ಲಿ ಎಳೆಯೋದು ಇವತ್ತಿಗೂ ನಡೀತಾ ಇದೆ. ಹಿತ್ತಾಳೆ ಕರಗಿಸಿದ ಆಸಿಡ್ ದ್ರಾವಣವನ್ನೂ ಜ್ಯೂಸ್ ಥರ ಎಳೀತೀವಿ. ಪಿಪೆಟ್ಟಿನ ತುದಿ ದ್ರಾವಣದಿಂದ ಒಂಚೂರು ಮೇಲೆ ಬಂತು ಅಂದ್ರೆ ಗಾಳಿ ನುಗ್ಗಿ, ಇದ್ದದ್ದೆಲ್ಲ ಒಂದೇ ಸಲ ಬಾಯಿಗೆ ಬರತ್ತೆ. ಬರದಿದ್ರೂ, ಅದೇ ಪಿಪೆಟ್ಟನ್ನ ಹಿಂದಿನ ಬ್ಯಾಚಿನವರೂ ಬಾಯಿಗಿಟ್ಟಿರ್ತಾರೆ! ರಬ್ಬರ್ ಬಲ್ಬ್ ಒಂದಕ್ಕೆ ಆಗೋ ಖರ್ಚು ಕ್ಯಾಂಟೀನಿನಲ್ಲಿ ಒಂದೆರಡು ದಿನ ಊಟ ತಿಂಡಿಗೆ ಆಗೋವಷ್ಟು. ಲ್ಯಾಬ್ ಫೀಸು ಅಂತ ತಗೊಳ್ಳೋ ದುಡ್ಡಿನಲ್ಲಿ ಟೇಬಲ್ಲಿಗೊಂದು ಬಲ್ಬ್ ಬರಲ್ಲ ಅಂದ್ರೆ ನಂಬೋಕೆ ಕಷ್ಟ.

'ನಾವೆಲ್ಲ ಬಾಯಲ್ಲೇ ಎಳೆದು ಓದಿದ್ವಿ, ಏನಾಯ್ತು?' ಅನ್ನೋ ಮಾತು ಸೀನಿಯರ್‌ಗಳಿಂದ ಹಿಡಿದು ಸ್ಟಾಫ್ ರೂಮಿನ ತನಕ ಕೇಳಿಸತ್ತೆ. ಹೆಲ್ಮೆಟ್ ಇಲ್ಲದೆ ಇಪ್ಪತ್ತು ವರ್ಷ ಬೈಕ್ ಓಡಿಸಿದವರೂ ಹೀಗೇ ಹೇಳ್ತಾರೆ. ಹೇಳೋಕೆ ಆಗದೇ ಇರೋರು ಹೇಳೋಕೆ ಬರಲ್ಲ, ಅಷ್ಟೇ.

ಇನ್ನೊಂದು ವಾದ ನಮ್ಮ ಕಡೆಯಿಂದಲೇ ಬರತ್ತೆ. 'ನಾವು ಸಿಎಸ್, ನಮಗೆ ಯಾಕ್ರೀ ಕೆಮಿಸ್ಟ್ರಿ, ಒಂದು ಸೆಮ್ ಹೇಗೋ ತಳ್ಳಿಬಿಡೋಣ.' ತಳ್ಳಬಹುದು. ಆದರೆ ಹಾಸ್ಟೆಲ್ ಬಾತ್‌ರೂಮಿನ ಬಕೆಟ್ಟಿನಲ್ಲಿ ಫೆರಿಕ್ ಕ್ಲೋರೈಡ್ ಕಲಸಿ ಪಿಸಿಬಿ ಎಚಿಂಗ್ ಮಾಡೋರು ಯಾರು? ಇಸಿ ಹುಡುಗರು. ಪ್ರಾಜೆಕ್ಟಿಗೆ ಅಂತ ಹಳೇ ಲ್ಯಾಪ್‌ಟಾಪಿನ ಲಿಥಿಯಂ ಸೆಲ್ ಬಿಚ್ಚಿ ಬೆಸುಗೆ ಹಾಕೋರು? ಅದರಲ್ಲಿ ಸಿಎಸ್‌ನವರೂ ಇದ್ದಾರೆ. ಅಲ್ಲಿ ಕೋಟು ಚೆಕ್ ಮಾಡೋ ಮೇಡಂ ಇರಲ್ಲ. ಪದಾರ್ಥ ಮುಟ್ಟೋ ಮುಂಚೆ ಇದು ಏನು ಮಾಡತ್ತೆ ಅಂತ ಓದೋ ಅಭ್ಯಾಸ ಎಲ್ಲಾದ್ರೂ ಹತ್ತಬೇಕಲ್ಲ. ಫಸ್ಟ್ ಇಯರ್ ಲ್ಯಾಬು ಬಿಟ್ರೆ ನಮಗೆ ಬೇರೆ ಜಾಗ ಇಲ್ಲ.

ಈಗ ಮಾರ್ಕ್ಸ್ ವಿಷಯಕ್ಕೆ ಬರೋಣ, ಯಾಕಂದ್ರೆ ಸೇಫ್ಟಿ ಹಾಳಾಗೋದು ಮುಖ್ಯವಾಗಿ ಇಲ್ಲೇ ಅಂತ ನಮ್ಮ ಅಭಿಪ್ರಾಯ. ನಮ್ಮಲ್ಲಿ ಟೈಟ್ರೇಶನ್‌ಗೆ ಅಂಕ ಕೊಡೋದು ನಮ್ಮ ರೀಡಿಂಗು ಅವರ ರೀಡಿಂಗಿಗೆ ಎಷ್ಟು ಹತ್ತಿರ ಇದೆ ಅಂತ ನೋಡಿ. ವ್ಯತ್ಯಾಸ 0.2 ಮಿ.ಲೀ. ಒಳಗಿದ್ರೆ ಪೂರ್ತಿ. ಬ್ಯುರೆಟ್ಟಿನಲ್ಲಿ ಅತಿ ಚಿಕ್ಕ ಗೆರೆ 0.1 ಮಿ.ಲೀ., ಒಂದು ಹನಿ ಅಂದ್ರೆ ಸುಮಾರು 0.05. ಅಂದ್ರೆ ನಾಲ್ಕು ಹನಿಯ ಮೇಲೆ ನಮ್ಮ ಮಾರ್ಕ್ಸ್ ನಿಂತಿದೆ. ನಿಖರತೆ ಕಲಿಸಬೇಕು, ಸರಿಯೇ. ಆದರೆ ಕನ್ನಡಕ ಹಾಕಿದ್ದಕ್ಕೆ ಸೊನ್ನೆ, ಆಸಿಡನ್ನ ನೀರಿಗೆ ನಿಧಾನವಾಗಿ ಹಾಕಿದ್ದಕ್ಕೆ ಸೊನ್ನೆ, ಟೇಬಲ್ ಒರೆಸಿ ಹೋದದ್ದಕ್ಕೆ ಸೊನ್ನೆ, ನಾಲ್ಕು ಹನಿಗೆ ಮಾತ್ರ ಅಂಕ ಅಂದ್ರೆ ಹುಡುಗರು ಏನು ಮಾಡ್ತಾರೆ? ಓಡ್ತಾರೆ. ಪಕ್ಕದವರ ರೀಡಿಂಗ್ ನೋಡ್ತಾರೆ. ಮೂರು ಟ್ರಯಲ್ ಮಾಡೋ ಬದಲು ಒಂದು ಮಾಡಿ ಇನ್ನೆರಡನ್ನ ಹುಟ್ಟಿಸ್ತಾರೆ. ಬಿಸಿ ಫ್ಲಾಸ್ಕನ್ನ ತಣಿಯೋ ಮುಂಚೆಯೇ ಕರ್ಚೀಫಲ್ಲಿ ಹಿಡ್ಕೊಂಡು ತಿರುಗಿಸ್ತಾರೆ.

ಏನಾದ್ರೂ ಚೆಲ್ಲಿದ್ರೆ ಹೇಳೋದೂ ಇಲ್ಲ. ನಮ್ಮ ಬ್ಯಾಚಿನ ಒಬ್ಬಳ ಮುಂಗೈ ಮೇಲೆ ನೈಟ್ರಿಕ್ ಆಸಿಡ್ ಬಿತ್ತು. ಎದ್ದು ನಲ್ಲಿ ಹತ್ರ ಹೋದ್ರೆ ಟೈಮ್ ಹೋಗತ್ತೆ, ಮೇಡಂ ಬೈತಾರೆ, ಟ್ರಯಲ್ ಕೆಡತ್ತೆ ಅಂತ ಕೋಟಿಗೆ ಒರೆಸ್ಕೊಂಡು ರೀಡಿಂಗ್ ಮುಗಿಸಿದಳು. ಸಂಜೆ ಬಸ್ಸಿನಲ್ಲಿ ನೋಡಿದ್ರೆ ಚರ್ಮ ಹಳದಿ. ನೈಟ್ರಿಕ್ ಆಸಿಡ್ ಚರ್ಮದ ಪ್ರೋಟೀನ್ ಜೊತೆ ಸೇರಿ ಕೊಡೋ ಬಣ್ಣ ಅದು, ತೊಳೆದ್ರೆ ಹೋಗಲ್ಲ, ಚರ್ಮ ಉದುರಿ ಹೊಸದು ಬರಬೇಕು. ಅವಳಿಗೆ ಅವತ್ತು ಪೂರ್ತಿ ಅಂಕ ಬಂತು. ಫಸ್ಟ್ ಏಡ್ ಡಬ್ಬಿಗೆ ಬೀಗ ಇತ್ತು, ಕೀ ಯಾರ ಹತ್ರ ಅಂತ ಗೊತ್ತಿರಲಿಲ್ಲ, ಅದು ಬೇರೆ ಮಾತು.

ಹಾಗಾಗಿ ನಮ್ಮ ಬೇಡಿಕೆ ದೊಡ್ಡದೇನಲ್ಲ. ಪ್ರತಿ ಕ್ಲಾಸಿನ ಅಂಕದಲ್ಲಿ ಒಂದು ಪಾಲು ಕೆಲಸ ಮಾಡಿದ ರೀತಿಗೆ ಇರಲಿ. ಚೆಲ್ಲಿದ್ದನ್ನ, ತಾಗಿದ್ದನ್ನ ಬಂದು ಹೇಳಿದವರಿಗೆ ಇನ್ನೊಂದು ಟ್ರಯಲ್ ಮಾಡೋಕೆ ಟೈಮ್ ಕೊಡಿ. ಮೊದಲನೇ ವಾರ ಇಂಡೆಕ್ಸ್ ಬರೆಸೋ ಬದಲು ನಲ್ಲಿ ಎಲ್ಲಿದೆ, ಗ್ಯಾಸ್ ಮೇನ್ ವಾಲ್ವ್ ಎಲ್ಲಿದೆ, ಬೆಂಕಿ ಆರಿಸೋ ಸಿಲಿಂಡರ್ ಹೇಗೆ ಬಳಸೋದು ಅಂತ ತೋರಿಸಿ. ಕಣ್ಣಿಗೆ ಆಸಿಡ್ ಹಾರಿದ್ರೆ ರೆಪ್ಪೆ ಬಿಡಿಸಿ ಹಿಡಿದು ಕನಿಷ್ಠ 15 ನಿಮಿಷ ನೀರು ಹರಿಸಬೇಕು, ಆಮೇಲೆ ಡಾಕ್ಟರು. ಅದನ್ನ ನ್ಯೂಟ್ರಲೈಸ್ ಮಾಡ್ತೀನಿ ಅಂತ ಯಾವ ಬೇಸೂ ಹಾಕಬಾರದು. ಥಿಯರಿ ಚೆನ್ನಾಗಿ ಓದಿದವರೇ ಇಲ್ಲಿ ಎಡವೋದು. ಗಟ್ಟಿ ಗಂಧಕಾಮ್ಲಕ್ಕೆ ನೀರು ಹಾಕಿದ್ರೆ, ಹಗುರವಾದ ನೀರು ಮೇಲೇ ನಿಂತು ಅಲ್ಲೇ ಕುದ್ದು ಆಸಿಡ್ ಸಮೇತ ಮುಖಕ್ಕೆ ಹಾರತ್ತೆ, ಅದಕ್ಕೇ ಆಸಿಡನ್ನ ನೀರಿಗೆ ಹಾಕೋದು. ಈ ಕಾರಣವನ್ನ ಯಾರಾದ್ರೂ ಹೇಳಿದ್ರೆ ಯಾರೂ ಮರೆಯಲ್ಲ. 'ಆಲ್ವೇಸ್ ಆಡ್ ಆಸಿಡ್ ಟು ವಾಟರ್' ಅಂತ ಬೋರ್ಡಿನಲ್ಲಿ ಬರೆದಿದ್ದು ಮಾತ್ರ ಎಲ್ಲರ ಕಣ್ಣಿಗೂ ಅಲಂಕಾರದ ಥರ ಕಾಣತ್ತೆ.

ಬೋರ್ಡ್ ಅಂದಾಗ ನೆನಪಾಯ್ತು, ಇಷ್ಟೊತ್ತೂ ನಮ್ಮ ಬಗ್ಗೆಯೇ ಮಾತಾಡಿದ್ವಿ. ನಾವು ಅಲ್ಲಿರೋದು ವಾರಕ್ಕೊಂದು ಮಧ್ಯಾಹ್ನ. ಅಟೆಂಡರ್ ಅಣ್ಣ ದಿನಾ ಇರ್ತಾರೆ. ಗಟ್ಟಿ ಆಸಿಡ್ ಬಾಟಲಿ ಬಿಚ್ಚೋದು, ನಮಗೆ ರೀಏಜೆಂಟ್ ಕಲಸಿ ಇಡೋದು, ನಾವು ಬಿಟ್ಟು ಹೋದ ಗಾಜಿನ ಸಾಮಾನು ತೊಳೆಯೋದು, ಎಲ್ಲಾ ಬರಿಗೈಯಲ್ಲಿ. ಬಾಟಲಿ ಮೇಲಿನ ಎಚ್ಚರಿಕೆ ಪೂರ್ತಿ ಇಂಗ್ಲಿಷಿನಲ್ಲಿ. ತಲೆಬುರುಡೆ ಚಿತ್ರ ನೋಡಿ ಅಂದಾಜು ಮಾಡಬೇಕು. ಕನ್ನಡ ಮೀಡಿಯಂನಿಂದ ಬಂದ ನಮ್ಮ ಗೆಳೆಯರಿಗೂ ಮೊದಲ ತಿಂಗಳು ಇದೇ ಗತಿ, ಇನ್‌ಸ್ಟ್ರಕ್ಷನ್ ವೇಗದಲ್ಲಿ ಹೋಗತ್ತೆ, ಕೈ ಎತ್ತೋಕೆ ಸಂಕೋಚ.

ಅದಕ್ಕೆ ಕ್ಲಬ್ಬಿನಿಂದ ಒಂದು ಕೆಲಸ ಕೈಗೆತ್ತಿಕೊಂಡಿದ್ದೀವಿ. ಲ್ಯಾಬಿನಲ್ಲಿ ಬಳಸೋ ಒಂದೊಂದು ಪದಾರ್ಥಕ್ಕೂ ಕನ್ನಡದಲ್ಲಿ ಒಂದು ಚೀಟಿ: ಇದು ಏನು, ಏನು ಮಾಡತ್ತೆ, ಮೈಗೆ ಬಿದ್ರೆ ಏನು ಮಾಡಬೇಕು, ಎಲ್ಲಿ ಸುರೀಬೇಕು. ಕೆಮಿಸ್ಟ್ರಿ ಡಿಪಾರ್ಟ್‌ಮೆಂಟಿನವರು ಓದಿ ತಿದ್ದಿಕೊಟ್ಟ ಮೇಲೆ ಅಂಟಿಸ್ತೀವಿ. ಎಲ್‌ಕೆಜಿಯಿಂದ ಇಂಗ್ಲಿಷ್ ಮೀಡಿಯಂ ಓದಿದ ನಮಗೆ ಬರೆಯೋಕೆ ಕೂತಾಗ ಪದಗಳೇ ಸಿಗಲಿಲ್ಲ. ಕನ್ನಡ ಮೀಡಿಯಂ ಗೆಳೆಯರು ಕಾನ್ಸೆಂಟ್ರೇಟೆಡ್‌ಗೆ 'ಸಾರೀಕೃತ', ಡೈಲ್ಯೂಟ್‌ಗೆ 'ಸಾರರಿಕ್ತ' ಅಂತ ಹೇಳಿಕೊಟ್ರು. ಎರಡೂ 'ಸಾರ'ದಿಂದಲೇ ಶುರು. ಗಡಿಬಿಡಿಯಲ್ಲಿ ಓದಿದವರು ಅದಕ್ಕೆ ಇದು ಅಂದುಕೊಂಡ್ರೆ ಮುಗೀತು. ಅಟೆಂಡರ್ ಅಣ್ಣನ್ನ ಕೇಳಿದ್ವಿ, ಅವರು 'ಗಟ್ಟಿ ಆಸಿಡ್', 'ನೀರಾಕಿದ ಆಸಿಡ್' ಅಂದ್ರು. ಅದನ್ನೇ ಇಟ್ಟುಕೊಂಡ್ವಿ. ಫ್ಯೂಮ್ ಹುಡ್‌ಗೆ ನಾವು 'ಹೊಗೆಗೂಡು' ಅಂತ ಬರೆದಿದ್ವಿ, ಅವರು ಓದಿ ನಕ್ಕು, 'ಮೊದ್ಲು ಫ್ಯಾನ್ ರಿಪೇರಿ ಮಾಡ್ಸಿ, ಹೆಸ್ರು ಆಮೇಲೆ ಇಡಿ' ಅಂದ್ರು. ಫ್ಯಾನಿನ ಅರ್ಜಿ ಹೋದ ಸೋಮವಾರ ಕೊಟ್ಟಿದ್ದೀವಿ. ಸಹಿ ಹಾಕದೇ ಇರೋರು ಇನ್ನೂ ಇದ್ದೀರಿ, ಅರ್ಜಿಯ ಕಾಪಿ ಕ್ಲಬ್ ರೂಮಿನಲ್ಲಿದೆ.