ಹರಾಮ್ ಎಂದರೆ ಹೊಣೆ ಮುಗಿಯಿತೇ?

1975ರಲ್ಲಿ ಇಳಕಲ್ಲಿನಿಂದ ಒಂದು ಜೋಳಿಗೆ ಹೊರಟಿತು. ಚಿತ್ತರಗಿ-ಇಳಕಲ್ ಮಠದ ಡಾ. ಮಹಾಂತ ಸ್ವಾಮೀಜಿಯವರು ಅದನ್ನು ಹಿಡಿದು ಕೇರಿ ಕೇರಿಗೆ ನಡೆದರು. ಅವರು ಬೇಡಿದ ಭಿಕ್ಷೆ ಕಾಳು-ಕಡಿಯಲ್ಲ, ಜನರ ದುಶ್ಚಟಗಳು. 2018ರಲ್ಲಿ ಅವರು ನಿಧನರಾದರು. ಅವರ ಜನ್ಮದಿನವಾದ ಆಗಸ್ಟ್ 1ನ್ನು ರಾಜ್ಯದಲ್ಲಿ ವ್ಯಸನಮುಕ್ತ ದಿನವಾಗಿ ಆಚರಿಸಲಾಗುತ್ತಿದೆ. ಮದ್ಯವನ್ನು ಕೆಡುಕುಗಳ ತಾಯಿ ಎಂದು ನಂಬುವ ನಾವು, ಅದೇ ಊರಿನಲ್ಲಿ ಬಾಳುತ್ತಾ, ಈ ಅವಧಿಯಲ್ಲಿ ಮಾಡಿದ್ದೇನು?

ನಮ್ಮಲ್ಲಿ ಕುಡುಕರೇ ಇಲ್ಲ ಎಂಬುದು ನಮ್ಮ ಸಿದ್ಧ ಉತ್ತರ. ಇದು ಸುಳ್ಳೆಂದು ಹೇಳುವವರಿಗೂ ಗೊತ್ತು, ಕೇಳುವವರಿಗೂ ಗೊತ್ತು. ಇಳಕಲ್ಲಿನ ಮಗ್ಗದ ಮನೆಯಾಗಲಿ, ಹುನಗುಂದದ ಗ್ಯಾರೇಜಾಗಲಿ, ಬಾದಾಮಿಯ ಆಟೋ ನಿಲ್ದಾಣವಾಗಲಿ, ಬಾಗಲಕೋಟೆಯ ನವನಗರವಾಗಲಿ ಈ ಪಿಡುಗಿನಿಂದ ಹೊರತಾಗಿಲ್ಲ. ಮಗನಿಗೆ ಮೈ ಸರಿಯಿಲ್ಲವೆಂದು ತಾಯಿ ನೆರೆಯವರಿಗೆ ಸಬೂಬು ಹೇಳುತ್ತಾಳೆ. ಹೆಂಡತಿ ಒಡವೆಯನ್ನು ಅಡವಿಟ್ಟು ಬಾಯಿ ಮುಚ್ಚಿಕೊಳ್ಳುತ್ತಾಳೆ. ಖುಲಾದ ಅರ್ಜಿ ಬಂದ ದಿನವಷ್ಟೇ ಅಂಜುಮನ್ನಿನ ಹಿರಿಯರಿಗೆ ವಿಷಯ ತಿಳಿಯುತ್ತದೆ. ಆಗ ಆತನನ್ನು ಕೂರಿಸಿ ಎರಡು ಮಾತು ಹೇಳುತ್ತಾರೆ: ಇದು ಹರಾಮ್, ತೌಬಾ ಮಾಡು. ಆತ ಅದಾಗಲೇ ಹತ್ತು ಸಲ ತೌಬಾ ಮಾಡಿದವನು. ತೌಬಾದ ಮರುದಿನ ಸಂಜೆ, ಕೈ ನಡುಗುವ ಹೊತ್ತಿನಲ್ಲಿ, ಯಾರ ಬಳಿ ಹೋಗಿ ಕೂರಬೇಕೆಂದು ಮಾತ್ರ ಯಾರೂ ಹೇಳಲಿಲ್ಲ.

ಮದ್ಯ ನಿಷೇಧದ ಆದೇಶ ಬಂದಾಗ ಮದೀನಾದ ಬೀದಿಗಳಲ್ಲಿ ಮದ್ಯ ಹರಿದುದನ್ನು ನಮ್ಮ ಖತೀಬರು ಮನಮುಟ್ಟುವಂತೆ ವರ್ಣಿಸುತ್ತಾರೆ. ಆದರೆ ಎರಡು ಸಂಗತಿಗಳನ್ನು ಮರೆಯುತ್ತಾರೆ. ಕುರ್‌ಆನ್ ಆ ಸಮಾಜವನ್ನು ಹಂತ ಹಂತವಾಗಿ ಸಿದ್ಧಗೊಳಿಸಿತು. ಮೊದಲು ಅದರ ಹಾನಿಯನ್ನು ತಿಳಿಸಿತು, ಬಳಿಕ ಅಮಲಿನಲ್ಲಿ ನಮಾಝಿನ ಬಳಿ ಸುಳಿಯದಂತೆ ತಡೆಯಿತು, ಕೊನೆಗೆ ಸಂಪೂರ್ಣವಾಗಿ ನಿಷೇಧಿಸಿತು. ಎರಡನೆಯದಾಗಿ, ಮದೀನಾದಲ್ಲಿ ಯಾರೂ ಒಂಟಿಯಾಗಿ ಮದ್ಯ ಬಿಡಲಿಲ್ಲ, ಇಡೀ ಸಮಾಜವೇ ಜೊತೆಗಿತ್ತು. ನಮ್ಮ ಮೊಹಲ್ಲಾದ ವ್ಯಸನಿಗೆ ಯಾರಿದ್ದಾರೆ?

ಕುಡಿದು ಮತ್ತೆ ಮತ್ತೆ ಶಿಕ್ಷೆಗೊಳಗಾದ ಒಬ್ಬನನ್ನು ಜನ ಶಪಿಸಿದಾಗ ಪ್ರವಾದಿ(ಸ)ರು ತಡೆದರು. ಆತ ಅಲ್ಲಾಹನನ್ನೂ ಆತನ ದೂತರನ್ನೂ ಪ್ರೀತಿಸುವವನೆಂದು ಸಾಕ್ಷ್ಯ ನುಡಿದರು. ಇದು ಸಹೀಹ್ ಬುಖಾರಿಯಲ್ಲಿದೆ. ನಿಮ್ಮ ಸಹೋದರನ ವಿರುದ್ಧ ಶೈತಾನನಿಗೆ ನೆರವಾಗಬೇಡಿರೆಂಬ ತಾಕೀತೂ ಅಲ್ಲಿದೆ. ಕುಡುಕನೆಂದು ಬೆರಳು ತೋರಿ ದೂರ ತಳ್ಳುವ ನಾವು ಯಾರಿಗೆ ನೆರವಾಗುತ್ತಿದ್ದೇವೆ?

ದಾರಿಯಿಲ್ಲವೆಂದಲ್ಲ. 1935ರಲ್ಲಿ ಅಮೆರಿಕದ ಆಕ್ರನ್ ನಗರದಲ್ಲಿ ಇಬ್ಬರು ವ್ಯಸನಿಗಳು ಪರಸ್ಪರ ಆಸರೆಯಾದುದರಿಂದ ಹುಟ್ಟಿದ ಆಲ್ಕೊಹಾಲಿಕ್ಸ್ ಅನಾನಿಮಸ್ ಇಂದು ಭಾರತದಲ್ಲೂ ಇದೆ. ಅಲ್ಲಿ ಶುಲ್ಕವಿಲ್ಲ. ಕುಡಿತ ಬಿಡುವ ಬಯಕೆಯೊಂದೇ ಅರ್ಹತೆ. ಹೆಸರು ಹೊರಗೆ ಹೋಗದು. ಫೋನಿನ ಮೂಲಕ ಸೇರಬಹುದಾದ ಸಭೆಗಳೂ ಇವೆ. ವ್ಯಸನಿಗಳ ಮನೆಯವರಿಗೆ ಅಲ್-ಅನಾನ್ ಎಂಬ ಪ್ರತ್ಯೇಕ ಕೂಟವಿದೆ. ನಮ್ಮ ರಾಜ್ಯದಲ್ಲಿ ಧರ್ಮಸ್ಥಳದ ಗ್ರಾಮಾಭಿವೃದ್ಧಿ ಯೋಜನೆ ಮತ್ತು ಜನಜಾಗೃತಿ ವೇದಿಕೆಗಳು ಮದ್ಯವರ್ಜನ ಶಿಬಿರ ನಡೆಸುತ್ತವೆ. ಶಿಬಿರ ಮುಗಿಸಿದವರು ನವಜೀವನ ಸಮಿತಿಗಳಲ್ಲಿ ಮತ್ತೆ ಮತ್ತೆ ಸೇರುತ್ತಾರೆ. ಶಿಬಿರಕ್ಕಿಂತ ಈ ಸೇರುವಿಕೆಯೇ ಮುಖ್ಯ. ಬಿಡುವುದು ಒಂದು ದಿನದ ಕೆಲಸ, ಬಿಟ್ಟಂತೆಯೇ ಇರುವುದು ಬಾಳಿನುದ್ದದ ಕೆಲಸ.

ಅವು ಅನ್ಯರ ಸಭೆಗಳು, ಅಲ್ಲಿ ಪ್ರಾರ್ಥನೆ-ಭಜನೆಗಳಿರುತ್ತವೆ ಎಂಬ ಆಕ್ಷೇಪ ಬರುತ್ತದೆ. ಅನಾನಿಮಸ್ ಸಭೆ ಯಾವ ಧರ್ಮಕ್ಕೂ ಸೇರಿದ್ದಲ್ಲ. ದೇವನನ್ನು ತನ್ನ ನಂಬಿಕೆಯಂತೆ ತಿಳಿಯಲು ಅಲ್ಲಿ ಪ್ರತಿಯೊಬ್ಬನೂ ಸ್ವತಂತ್ರ. ಬೇರೆಡೆ ನಮ್ಮ ವಿಶ್ವಾಸಕ್ಕೆ ಹೊಂದದ ವಿಧಿಯಿದ್ದರೆ ವಿನಯದಿಂದ ತಿಳಿಸಿ ದೂರ ಉಳಿಯಬಹುದು. ಹೆಂಡದಂಗಡಿಗೆ ಹೋಗುವಾಗ ಮಾಲೀಕನ ಧರ್ಮವನ್ನು ಯಾರೂ ವಿಚಾರಿಸಲಿಲ್ಲ. ಬಿಡಿಸುವವನ ಧರ್ಮವನ್ನು ಮಾತ್ರ ವಿಚಾರಿಸುವುದು ಯಾವ ನ್ಯಾಯ? ಇನ್ನು, ಸಹೋದರನ ಕುಂದನ್ನು ಮರೆಮಾಚಬೇಕೆಂದು ಪ್ರವಾದಿ(ಸ)ರು ಕಲಿಸಿದ ಸಮುದಾಯ ನಮ್ಮದು. ಆ ಸಭೆಯಲ್ಲಿ ಕೇಳಿದ್ದು ಅಲ್ಲೇ ಉಳಿಯುತ್ತದೆ. ನಮ್ಮ ಚಹಾದಂಗಡಿಯ ಗೀಬತ್ತಿನಲ್ಲಿ ಏನು ಉಳಿಯುತ್ತದೆ?

ಸರಕಾರವನ್ನು ನೆಚ್ಚಿ ಕೂರುವಂತಿಲ್ಲ. 2007ರ ಜುಲೈ 1ರಿಂದ ಸಾರಾಯಿ ನಿಂತಿತು, ಕುಡಿತ ನಿಲ್ಲಲಿಲ್ಲ. 2025-26ರ ರಾಜ್ಯ ಬಜೆಟ್ ಅಬಕಾರಿಯಿಂದ ನಿರೀಕ್ಷಿಸಿದ ಆದಾಯ 40,000 ಕೋಟಿ ರೂಪಾಯಿ. ಕುಡಿತದಿಂದ ಖಜಾನೆ ತುಂಬಿಸುವ ಸರಕಾರ ಕುಡಿತ ಬಿಡಿಸಲು ನಮ್ಮ ಬಾಗಿಲಿಗೆ ತಾನಾಗಿ ಬರುತ್ತದೆಯೇ?

ಆದ್ದರಿಂದ ಅಂಜುಮನ್ ಸಮಿತಿಗಳು ಮಾಡಬೇಕಾದ ಕೆಲಸವಿದೆ. ಬಹುಕಾಲದ ಕುಡಿತವನ್ನು ಒಮ್ಮೆಲೇ ನಿಲ್ಲಿಸಿದರೆ ಸೆಳವು, ಭ್ರಮೆಗಳು ಉಂಟಾಗಿ ಜೀವಕ್ಕೇ ಅಪಾಯವಾಗಬಹುದು. ಆದುದರಿಂದ ಮೊದಲು ವೈದ್ಯರು, ನಂತರ ಸಭೆ. ಸರಕಾರದ ವ್ಯಸನಮುಕ್ತಿ ಸಹಾಯವಾಣಿ 14446 ಮತ್ತು ಮಾನಸಿಕ ಆರೋಗ್ಯದ ಟೆಲಿ ಮನಸ್ 14416 ಸಂಖ್ಯೆಗಳನ್ನು ಮಸೀದಿಯ ಫಲಕದಲ್ಲಿ ಬರೆಯಿಸಿರಿ. ಹತ್ತಿರದ ಸಭೆ ಎಲ್ಲಿದೆಯೆಂದು ಹುಡುಕಿ, ಮೊದಲ ದಿನ ಆತನ ಜೊತೆಗೆ ಒಬ್ಬರು ಹೋಗಿರಿ. ಸಭೆಯೇ ಇಲ್ಲದಿದ್ದರೆ ವಾರಕ್ಕೊಂದು ಸಂಜೆ ಒಂದು ಕೋಣೆ, ನಾಲ್ಕು ಕುರ್ಚಿ ಕೊಡಿರಿ. ಕುಡಿತ ಬಿಟ್ಟು ಬಾಳುತ್ತಿರುವವನೊಬ್ಬನನ್ನು ಅಲ್ಲಿ ಕೂರಿಸಿರಿ. ಮನೆಯ ಹೆಂಗಸರಿಗೂ ಬೇರೊಂದು ಕೂಟವಿರಲಿ. ಶಾದಿಮಹಲುಗಳಿಗೆ ಲಕ್ಷಗಟ್ಟಲೆ ಸಂಗ್ರಹಿಸಬಲ್ಲ ನಮಗೆ ಇದು ಭಾರವೇ?

ಸ್ವಾಮೀಜಿಯವರು ದುಶ್ಚಟಗಳನ್ನು ತಮ್ಮ ಜೋಳಿಗೆಗೆ ಹಾಕೆಂದು ಮನೆಬಾಗಿಲಿಗೆ ಬಂದು ಬೇಡಿದರು. ನಮ್ಮ ಸಹೋದರನು ತಾನೇ ನಮ್ಮ ಬಾಗಿಲಿಗೆ ಬಂದು ನಿಂತಿದ್ದಾನೆ. ಅವನಿಗೆ ಫತ್ವಾ ಗೊತ್ತಿದೆ. ಅವನು ಕೇಳುತ್ತಿರುವುದು ಜೊತೆಯನ್ನು.