ಕಲ್ಲು ಬಿದ್ದಿದ್ದ ಸ್ಥಳ

ಮನೆಗೆ ಪಾಯ ತೋಡುವಾಗಲೂ ಹೊಸ ಬಾವಿಯನ್ನು ತೆಗೆಯಿಸುವಾಗಲೂ ವಿಚಿತ್ರಾಕಾರದ ಒಂದು ಕಲ್ಲೋ ಹಳೆಯದೊಂದು ಎಲುಬೋ ದೊರೆಯುವುದುಂಟು. ಮಕ್ಕಳು ನಾಲ್ಕು ದಿನ ಅದರೊಡನೆ ಆಡುವರು. ಐದನೆಯ ದಿನ ಅದು ಹಿತ್ತಿಲನ್ನು ಸೇರುವುದು. ಇಂಥ ವಸ್ತುಗಳನ್ನು ಜೀವಮಾನವೆಲ್ಲಾ ಅರಸುತ್ತ, ಅವು ಯಾವ ಮಣ್ಣಿನಲ್ಲಿ ಹೇಗೆ ಬಿದ್ದಿದ್ದುವೆಂಬುದನ್ನು ಗಮನಿಸಿದ ಒಬ್ಬ ಭೂಗರ್ಭಶಾಸ್ತ್ರಜ್ಞರ ಸಂಗತಿಯನ್ನು ಈ ತಿಂಗಳು ನಮ್ಮ ವಾಚಕರಿಗೆ ಅರಿಕೆಮಾಡುವೆವು.

ರಾಬರ್ಟ್ ಬ್ರೂಸ್ ಫೂಟ್ ಎಂಬ ಆ ಮಹನೀಯರು ೧೮೩೪ನೆಯ ಇಸವಿಯಲ್ಲಿ ಇಂಗ್ಲೆಂಡಿನಲ್ಲಿ ಹುಟ್ಟಿದರು. ೧೮೫೮ರಲ್ಲಿ ಇಂಡಿಯಾದ ಭೂಗರ್ಭ ಪರಿಶೋಧನ ಇಲಾಖೆಯನ್ನು ಸೇರಿ, ೧೮೯೧ರಲ್ಲಿ ವಿಶ್ರಾಂತಿ ಪಡೆಯುವವರೆಗೆ ಬಹುಮಟ್ಟಿಗೆ ದಕ್ಷಿಣ ದೇಶದಲ್ಲಿಯೇ ಸಂಚರಿಸಿದರು. ಎಲ್ಲೆಲ್ಲಿ ಯಾವ ಯಾವ ಶಿಲೆಗಳಿರುವುವೆಂದು ನೋಡಿ ನಕ್ಷೆಯಲ್ಲಿ ಗುರುತಿಸುವುದು ಅವರ ಉದ್ಯೋಗ.

೧೮೬೩ನೆಯ ಇಸವಿ ಮೇ ೩೦ರಂದು ಮದರಾಸಿನ ಬಳಿಯ ಪಲ್ಲಾವರದಲ್ಲಿ, ಗರಸಿನ ಗುಂಡಿಯಿಂದ ಎತ್ತಿಹಾಕಿದ್ದ ಕಲ್ಲುಮಣ್ಣಿನ ರಾಶಿಯಲ್ಲಿ, ಮನುಷ್ಯನು ಕೈಯಿಂದ ಕೆತ್ತಿದ ಶಿಲಾಯುಧವೊಂದು ಅವರಿಗೆ ಕಾಣಿಸಿತು. ಇಷ್ಟಕ್ಕೇ ತೃಪ್ತರಾಗುವವರು ಅವರಲ್ಲ. ಯಾತಕ್ಕೆಂದರೆ, ಗುಂಡಿಯಿಂದ ಹೊರಬಿದ್ದ ಕಲ್ಲು ತನ್ನ ಕಾಲವನ್ನು ತಾನೇ ಹೇಳಲಾರದು. ಅದೇ ವರ್ಷದ ಸೆಪ್ಟೆಂಬರಿನಲ್ಲಿ ಅವರೂ ಅವರ ಸಹೋದ್ಯೋಗಿಗಳಾದ ವಿಲಿಯಂ ಕಿಂಗರೂ ಅತ್ತಿರಂಪಾಕ್ಕಂ ಎಂಬ ಹಳ್ಳಿಯಲ್ಲಿ ಅಂಥವೇ ಆಯುಧಗಳು ಕೆಂಪು ಗರಸಿನ ಪದರದೊಳಗೆ ಹುದುಗಿರುವುದನ್ನು ಕಣ್ಣಾರೆ ಕಂಡರು. ಆ ಪದರವು ನೆಲೆಗೊಳ್ಳುವುದಕ್ಕೆ ಮೊದಲೇ ಈ ನಾಡಿನಲ್ಲಿ ಮನುಷ್ಯನಿದ್ದನೆಂಬುದು ಆಗ ಸಿದ್ಧವಾಯಿತು. ಅದೇ ಸ್ಥಳವನ್ನು ನಮ್ಮ ಕಾಲದ ವಿದ್ವಾಂಸರು ಪುನಃ ಅಗೆದು, ಅಲ್ಲಿಯ ಅತ್ಯಂತ ಹಳೆಯ ಆಯುಧಗಳು ಸುಮಾರು ೧೫ ಲಕ್ಷ ವರ್ಷಗಳಷ್ಟು ಪುರಾತನವೆಂದು ೨೦೧೧ರಲ್ಲಿ ಪ್ರಕಟಿಸಿರುವರು. ಪದರಗಳು ಕದಡದೆ ಉಳಿದಿದ್ದುದರಿಂದಲೇ ಇದು ಸಾಧ್ಯವಾಯಿತು.

ಫೂಟ್ ಸಾಹೇಬರ ಕಾರ್ಯಕ್ಕೂ ಕನ್ನಡ ನಾಡಿಗೂ ಇರುವ ಸಂಬಂಧವು ಅಲ್ಪವಾದುದಲ್ಲ. ಬೆಳಗಾವಿ ಜಿಲ್ಲೆಯ ಗೋಕಾವಿಯ ಹತ್ತಿರ ಅವರಿಗೆ ದೊರೆತ ಎಲುಬುಗಳು ಈಗ ನಿರ್ವಂಶವಾಗಿರುವ ಒಂದು ಜಾತಿಯ ಖಡ್ಗಮೃಗದವು. ಅದನ್ನು ಅವರು ೧೮೭೪ರಲ್ಲಿ ವಿವರಿಸಿದರು. ಆ ಬಯಲಿನಲ್ಲಿ ಒಂದು ಕಾಲಕ್ಕೆ ಖಡ್ಗಮೃಗವು ಮೇಯುತ್ತಿತ್ತೆಂದರೆ ಯಾರಿಗೆ ತಾನೆ ಆಶ್ಚರ್ಯವಾಗದು? ಮುಂದೆ ಚಿನ್ನ ದೊರೆಯುವ ಶಿಲೆಗಳನ್ನು ಪರೀಕ್ಷಿಸಿ, ಅವು ಸುತ್ತಲಿನ ಬಂಡೆಗಳಿಗಿಂತ ಬೇರೆಯಾದ ಒಂದು ವರ್ಗವೆಂದು ತೋರಿಸಿ, ಅದಕ್ಕೆ ಧಾರವಾಡದ ಹೆಸರನ್ನೇ ಇಟ್ಟರು. ಅತಿ ಪ್ರಾಚೀನ ಜಲಾಶಯಗಳ ತಳದಲ್ಲಿ ಸೇರಿದ ಕೆಸರು ಮರಳುಗಳೂ, ಭೂಮಿಯೊಳಗಿಂದ ಉಕ್ಕಿದ ಶಿಲಾರಸವೂ ಒತ್ತಡಕ್ಕೂ ಕಾವಿಗೂ ಸಿಕ್ಕಿ ಮಾರ್ಪಟ್ಟು ಈ ಶಿಲೆಗಳಾಗಿರುವುವು. ಇವುಗಳ ವಯಸ್ಸು ೨೫೦ ಕೋಟಿ ವರ್ಷಗಳಿಗೂ ಹೆಚ್ಚು. ಲೋಕದ ಭೂಗರ್ಭಶಾಸ್ತ್ರದ ಗ್ರಂಥಗಳಲ್ಲಿ ಧಾರವಾಡವೆಂಬ ಮಾತು ಇಂದಿಗೂ ನಿಂತಿದೆ.

ಬಳ್ಳಾರಿ ಸೀಮೆಯ ಬೂದಿದಿಬ್ಬಗಳ ವಿಚಾರವು ಇವೆಲ್ಲಕ್ಕಿಂತ ಸ್ವಾರಸ್ಯವಾದುದು. ಹಂಪೆಯ ಬಳಿಯ ನಿಂಬಾಪುರದ ದಿಬ್ಬವನ್ನು ವಾಲಿಯನ್ನು ದಹಿಸಿದ ಬೂದಿಯೆಂದು ಜನರು ಹೇಳುವರು. ಫೂಟ್ ಸಾಹೇಬರು ಇಂಥ ದಿಬ್ಬಗಳಲ್ಲಿ ನಯಗೊಳಿಸಿದ ಕಲ್ಲಿನ ಕೊಡಲಿಗಳನ್ನೂ ಮಡಕೆಯ ಚೂರುಗಳನ್ನೂ ಕಂಡು, ಇದು ಪೂರ್ವಕಾಲದ ಗೋಪಾಲಕರು ಸುಟ್ಟ ಸಗಣಿಯ ಬೂದಿಯೆಂದು ನಿರ್ಣಯಿಸಿದರು. ಅವರು ಗತಿಸಿದುದು ೧೯೧೨ರಲ್ಲಿ. ಅನಂತರ ಅನೇಕ ವರ್ಷಗಳ ಮೇಲೆ ಉಟ್ನೂರಿನಲ್ಲಿ ಅಗೆತ ನಡೆದಾಗ, ಬೂದಿಯ ಪದರಗಳ ನಡುವೆ ದನಗಳ ಗೊರಸಿನ ಗುರುತುಗಳೂ ದೊಡ್ಡಿಯ ಬೇಲಿಯ ಕುರುಹುಗಳೂ ಕಂಡುಬಂದುವು.

ಫೂಟ್ ಸಾಹೇಬರ ಊಹೆಗಳೆಲ್ಲವೂ ನಿಂತಿಲ್ಲ. ಕೆತ್ತಿದ ಶಿಲಾಯುಧಗಳ ಕಾಲಕ್ಕೂ ನಯಗೊಳಿಸಿದ ಆಯುಧಗಳ ಕಾಲಕ್ಕೂ ನಡುವೆ ಈ ದೇಶವು ಬಹುಕಾಲ ನಿರ್ಜನವಾಗಿತ್ತೆಂದು ಅವರು ತಿಳಿದಿದ್ದರು. ಮುಂದಿನವರು ಅದನ್ನು ತಿದ್ದಿದರು. ಆದರೆ ಅವರನ್ನು ತಿದ್ದುವುದಕ್ಕೂ ಅವರ ಸಂಗ್ರಹವೇ ನೆರವಾಯಿತು. ೧೯೦೪ರಲ್ಲಿ ಮದರಾಸಿನ ವಸ್ತುಸಂಗ್ರಹಾಲಯವು ಕೊಂಡುಕೊಂಡ ಅವರ ಕಲ್ಲುಗಳ ಪಟ್ಟಿಯಲ್ಲಿ ಇಂಥದು ಇಂಥ ಊರಿನದೆಂಬ ಲೆಕ್ಕವಿದೆ. ಊಹೆಯು ಹೋದರೂ ಲೆಕ್ಕವು ಉಳಿಯಿತು.

ಬೂದಿದಿಬ್ಬಗಳಲ್ಲಿ ಹಲವು ಗೊಬ್ಬರವಾಗಿ ಹೊಲಗಳಿಗೆ ಹೋಗಿವೆ. ಬಳ್ಳಾರಿಯ ಸುತ್ತಿನ ಕೆಲವು ಬೆಟ್ಟಗಳು ಕಲ್ಲುಗಣಿಗಳ ಬಾಯಿಗೆ ಬಿದ್ದಿವೆ. ಓದದೆ ಹರಿದ ಓಲೆಯನ್ನು ಮತ್ತೆ ಜೋಡಿಸಬಲ್ಲವರಾರು? ಆದುದರಿಂದ ನಮ್ಮ ಗೃಹಸ್ಥರಲ್ಲಿ ನಮ್ಮದೊಂದು ವಿಜ್ಞಾಪನೆ. ನಿಮ್ಮ ಹೊಲದಲ್ಲಿ ಅಂಥ ಕಲ್ಲೋ ಎಲುಬೋ ಕಾಣಿಸಿದರೆ ಕೂಡಲೆ ಕಿತ್ತು ತರಬೇಡಿರಿ. ಯಾವ ಆಳದಲ್ಲಿ, ಯಾವ ಬಣ್ಣದ ಮಣ್ಣಿನಲ್ಲಿ, ಯಾವುದರ ಪಕ್ಕದಲ್ಲಿ ಇದೆಯೆಂಬುದನ್ನು ಮೊದಲು ಒಂದು ಚೀಟಿಯಲ್ಲಿ ಬರೆದುಕೊಂಡು, ತಿಳಿದವರಿಗೆ ತಿಳಿಸಿರಿ. ಗೂಡಿನಲ್ಲಿಟ್ಟ ಕಲ್ಲು ಮನೆಗೆ ಅಲಂಕಾರ ಮಾತ್ರ. ಸ್ಥಳವನ್ನು ಬರೆದಿಟ್ಟ ಕಲ್ಲು ನಾಡಿಗೆಲ್ಲಾ ಸಾಕ್ಷಿ.